ಸ್ಟೆಬಿಲೈಜರ್ ದಾನ

೨೧ ಜುಲೈ ೧೯೯೧, ರವಿವಾರ, ಬೆಳಿಗ್ಗೆ

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಸಮಸ್ತ ಮಹಾಜನಗಳಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ — ಹೋಳಿ ಹುಣ್ಣಿಮೆಯಂದು ಬೆಲ್ಲದ ಪಾಕ ಬಿದ್ದು ಮಲಗಿದ್ದ, ನನ್ನ ಕ್ಯಾಸಿಯೋ ಕೀಬೋರ್ಡಿನ ಕರಿ ಕೀಲಿಯೊಂದು ಇಂದು ಬೆಳಿಗ್ಗೆ ಎದ್ದು ಕೂತಿತು. ಸೀಮೆಎಣ್ಣೆ, ಹಳೆ ಟೂತ್‌ಬ್ರಶ್, ಮಡದಿಯ ಹೇರ್‌ಪಿನ್ನು, ಈ ಮೂವರ ಸೇವೆಯನ್ನು ಇತಿಹಾಸ ಮರೆಯಬಾರದು.

ಒತ್ತಿದೆ. ಸ್ವರ ಬಂತು. ಮತ್ತೆ ಒತ್ತಿದೆ. ಮತ್ತೆ ಬಂತು. ಯಾರಿಗೆ ಹೇಳುವುದು? ಇಂಥ ಸುದ್ದಿಗೆ ಕುಣಿಯುವ ಮನುಷ್ಯ ಭೂಮಿಯ ಮೇಲೆ ಒಬ್ಬನೇ. ಜೇವರ್ಗಿಯಲ್ಲಿ ಮೈಕ್‌ಸೆಟ್ ಅಂಗಡಿ ಇಟ್ಟಿದ್ದಾನೆ. ಭೀಮಶಾ. ಅವನೊಡನೆ ಏಪ್ರಿಲ್‌ನಿಂದ ಮಾತಿಲ್ಲ. ಅವನ ಆಂಪ್ಲಿಫಾಯರಿಗೆ ಇಲಿ... ಇರಲಿ. ಬರಿಹೊಟ್ಟೆಯಲ್ಲಿ ಶಾಪ ಹಾಕಬಾರದು. ನಾಷ್ಟಾ ಆದಮೇಲೆ.

ಅಡುಗೆಮನೆಯಿಂದ ಹೀರಾಬಾಯಿ: "ಕೀಲಿ ಎದ್ದದ. ಮಾಲಕ್ರು ಯಾವಾಗ ಏಳ್ತಾರ? ಅಂಗಡಿ ಮುಂದ ಮಂದಿ ಬಂದು ನಿಂತಾರ."

ನಿಂತವರು ಮಂದಿಯಲ್ಲ, ಎಮ್ಮೆ. ಆದರೂ ಹೋದೆ. ಅರಿವೆ ಅಂಗಡಿಯವನು ಕಲಾವಿದನಾಗಿದ್ದರೆ ಇದೇ ಫಜೀತಿ.

೨೩ ಜುಲೈ, ಮಂಗಳವಾರ

ಖಣದ ಗಂಟು ತರಲು ಗುಲ್ಬರ್ಗಾಕ್ಕೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನ ಹೊರಗೆ ಕ್ಯಾಸೆಟ್ ಬಂಡಿ. ಸುಮ್ಮನೆ ನೋಡಿದೆ. ನೋಡಬಾರದಿತ್ತು.

'ಮುಗಿಲ ಸಪ್ಪಳ. ಎಲೆಕ್ಟ್ರಾನಿಕ್ ಸಂಗೀತ: ಭೀಮಶಾ ಮತ್ತು ಗುರಣ್ಣ.'

ಕವರಿನ ಮೇಲೆ ಫೋಟೋ. ಭೀಮಶಾ ಟೇಪ್‌ರೆಕಾರ್ಡರ್ ಮುಂದೆ ತಪಸ್ಸಿಗೆ ಕೂತಂತೆ ಕೂತಿದ್ದಾನೆ. ಪಕ್ಕದಲ್ಲಿ ಕೀಬೋರ್ಡು. ಕೀಬೋರ್ಡಿನ ಮೇಲೆ ಒಂದು ಕೈ. ಮೊಣಕೈಯ ಆಚೆ ಮನುಷ್ಯ ಇಲ್ಲ. ಕತ್ತರಿಸಿದ್ದಾರೆ. ಆ ಕೈಯ ಬೆರಳಲ್ಲಿ ಕೆಂಪು ಹರಳಿನ ಉಂಗುರ. ಮಾವ ಮದುವೆಯಲ್ಲಿ ಹಾಕಿದ್ದು. ಹೆಬ್ಬೆರಳಿನ ಉಗುರು ಕರಿ. ಅಂಗಡಿಯ ಶಟರ್ ಬಿದ್ದದ್ದು.

ನನ್ನ ಕೈ. ಗುಲ್ಬರ್ಗಾ ಬಸ್‌ಸ್ಟ್ಯಾಂಡಿನಲ್ಲಿ ಮಾರಾಟಕ್ಕಿದೆ.

ನಾನೂ ಭೀಮಶಾನೂ ಯಡ್ರಾಮಿಯಲ್ಲಿ ಕೊಟ್ಟ ಕಾರ್ಯಕ್ರಮದ ಫೋಟೋ ಅದು. ಬಂಡಿಯವನು ಹಾಕಿ ಕೇಳಿಸಿದ. ಯಡ್ರಾಮಿಯದೇ ರೆಕಾರ್ಡಿಂಗು. ಬಾರಿಸಿದವನು ನಾನು, ಹೆಸರು ಗುರಣ್ಣನದು. ಆ ದಿನ ಗುರಣ್ಣ ಎಲ್ಲಿದ್ದ? ಮೂರನೇ ಸಾಲಿನಲ್ಲಿ ಕೂತು ಶೇಂಗಾ ತಿನ್ನುತ್ತಿದ್ದ. ನಾನೇ ನೋಡಿದ್ದೇನೆ.

ಕವರಿನ ಪಕ್ಕ ನನ್ನ ಕೈ ಇಟ್ಟು ನಿಂತೆ. ಯಾರಾದರೂ ಗುರುತಿಸಲಿ ಅಂತ.

"ಸಾಬ್, ಜರಾ ಕೈ ತೆಗೀರಿ. ಮಂದಿಗಿ ಫೋಟೋ ಕಾಣ್ಲಿ."

"ಇದು ನಂದೇ ಕೈ ನೋಡ್ರಿ."

"ಎಲ್ಲಾರಿಗೂ ಕೈ ಅವ ಸಾಬ್. ತಗೋತೀರೇನು?"

ತಗೊಂಡೆ. ತನ್ನ ಕೈಯನ್ನು ತಾನೇ ಕೊಂಡು ಜೇಬಿನಲ್ಲಿಟ್ಟುಕೊಂಡು ಊರಿಗೆ ಬಂದ ಮೊದಲ ಮನುಷ್ಯ ನಾನೇ ಇರಬೇಕು.

ಹೀರಾಬಾಯಿ ಕವರು ಹಿಡಿದು ಬಹಳ ಹೊತ್ತು ನೋಡಿದಳು. "ನಮ್ಮಪ್ಪನ ಉಂಗುರ ಚಂದ ಬಂದದ."

ಸೇಡು ತೀರಿಸಿಕೊಳ್ಳುತ್ತೇನೆ. ಬರೆದಿಟ್ಟಿದ್ದೇನೆ. ಈ ಡೈರಿ ಯಾರೂ ಓದುವುದಿಲ್ಲವಾದ್ದರಿಂದ ಸಾಕ್ಷಿ ಇಲ್ಲ. ಆದರೂ.

೨೪ ಜುಲೈ, ಬುಧವಾರ

ದ್ವೇಷಕ್ಕೂ ಒಂದು ಚರಿತ್ರೆ ಬೇಕು. ಇಲ್ಲದಿದ್ದರೆ ಬರೀ ಹೊಟ್ಟೆಯುರಿ ಅನಿಸಿಕೊಳ್ಳುತ್ತದೆ.

ಎಂಬತ್ನಾಲ್ಕರಲ್ಲಿ ಕೂಡಿದೆವು. 'ದೌಲತ್–ಭೀಮ ಎಲೆಕ್ಟ್ರಾನಿಕ್ ಪಾರ್ಟಿ'. ನಾನು ಕ್ಯಾಸಿಯೋ, ಅವನು ಟೇಪು. ಮದುವೆ, ನಾಟಕ, ಶಾಲೆಯ ಗ್ಯಾದರಿಂಗ್. ನಾನು ಡಿಸ್ಕೋ ತಾಳದ ಬಟನ್ ಒತ್ತಿ ಹತ್ತೂ ಬೆರಳಿನಲ್ಲಿ ಕುಣಿಯುತ್ತಿದ್ದೆ. ಅವನು ಗುಡುಗು, ಮಳೆ, ನಾಯಿ ಬೊಗಳುವುದು ಬಿಡುತ್ತಿದ್ದ. ಮಂದಿ ಚಪ್ಪಾಳೆ ಹೊಡೆಯುತ್ತಿದ್ದರು. ನಾಯಿಗೆ ಜಾಸ್ತಿ.

ಆಮೇಲೆ ಒಂದು ದಿನ ಜೇವರ್ಗಿಯ ಅವನ ಮನೆಯಲ್ಲಿ, ಅವನ ಅವ್ವ ನಿಂಬೆವ್ವ ಬೀಸುವ ಕಲ್ಲಿನ ಸಪ್ಪಳ ಟೇಪಿಗೆ ತುಂಬಿಕೊಂಡೆವು. ಬ್ಯಾಟರಿ ಸೆಲ್ಲಿನ ಮೇಲೆ. ನಾಟಕದಲ್ಲಿ ಮುದುಕಿಯ ಸೀನಿಗೆ ಬೇಕಿತ್ತು. ಅದನ್ನು ಮೊದಲ ಸಲ ಹಾಕಿದ್ದು ಚೌಡಾಪುರದಲ್ಲಿ. ಪೆಂಡಾಲಿನ ಬಗಲಿಗೇ ಹಿಟ್ಟಿನ ಗಿರಣಿ. ಸಂಜೆ ಗಿರಣಿ ಸುರುವಾಯಿತು, ಬಲ್ಬು ಹಳದಿಯಾಯಿತು, ಸೆಲ್ಲಿನ ಬದಲು ಎಲಿಮಿನೇಟರ್ ಹಚ್ಚಿ ಕರೆಂಟಿನ ಮೇಲೆ ಓಡಿಸುತ್ತಿದ್ದ ಟೇಪು ಕರೆಂಟು ಸಾಲದೆ ನಿಧಾನವಾಯಿತು. ಜೋಳ ಬೀಸುವ ಕಲ್ಲು ಮೋಡ ಬೀಸುವ ಕಲ್ಲಾಯಿತು. ಅದರ ಒಳಗೆ ಭೂಮಿಯೇ ನರಳಿದ ಹಾಗೆ ಏನೋ ಒಂದು.

ನನ್ನ ಡಿಸ್ಕೋ ನಿಲ್ಲಿಸಿದೆ. ಒಂದೇ ಕೀಲಿ ಒತ್ತಿ ಹಿಡಿದೆ. ಮಂದಿ ಚಪ್ಪಾಳೆ ಹೊಡೆಯಲಿಲ್ಲ. ಕೆಮ್ಮಲೂ ಇಲ್ಲ.

ಅಂದಿನಿಂದ ನಮ್ಮ ಸಂಗೀತ ಬೆಳೆಯಿತು, ಅಂದರೆ ಕಡಿಮೆಯಾಯಿತು. ಹತ್ತು ಬೆರಳು ನಾಲ್ಕಾದವು, ನಾಲ್ಕು ಒಂದಾಯಿತು. ತಾಳ ಹೋಯಿತು, ಹಾಡು ಹೋಯಿತು, ಗಾಳಿ ಉಳಿಯಿತು. ಕೆಲಸ ಕಡಿಮೆಯಾದಷ್ಟು ಹೆಸರು ಹೆಚ್ಚಾಯಿತು. ಯಡ್ರಾಮಿಯಲ್ಲಿ ಒಬ್ಬ ಹಿರಿಯರು ಕೇಳಿದರು, "ಇದು ಯಾವ ರಾಗರಿ?"

ಭೀಮಶಾ ಗಂಭೀರವಾಗಿ ಹೇಳಿದ, "ಗಿರಣಿ ರಾಗರಿ. ಸಂಜಿಗಿ ಮಾತ್ರ ಬಾರಸ್ತಾರ."

ಆದರೆ ಅವನಿಗೊಂದು ಚಟ. ಆ ಟೇಪು ಹಾಕುವ ಮೊದಲು ಬಲ್ಬು ನೋಡುವುದು. ಹಳದಿ ಇದ್ದರೆ ಬಟನ್ ಒತ್ತುತ್ತಾನೆ. ಬೆಳ್ಳಗೆ ಉರಿಯುತ್ತಿದ್ದರೆ ಟೇಪು ಜೇಬಿಗೆ. ನಿಂಬೆವ್ವ ತೀರಿಕೊಂಡ ವರ್ಷದಿಂದ ಅದು ಅತಿಯಾಯಿತು. ಏಪ್ರಿಲ್‌ನಲ್ಲಿ ಅಫಜಲಪುರದ ವಕೀಲರ ಮನೆಯ ಮದುವೆ. ಬಲ್ಬು ಸೂರ್ಯನಂತೆ ಉರಿಯುತ್ತಿತ್ತು. ವಕೀಲರು ಆ ಸಪ್ಪಳವೇ ಬೇಕೆಂದರು. ಇವನು ಆಗುವುದಿಲ್ಲ ಅಂದ. ಬೀಗರೆದುರಿಗೇ ನಾನು ಅಂದೆ, "ಲೇ ಬಲ್ಬಿನ ಭಕ್ತ, ಸೊಕ್ಕು ಸಾಕು ಮಾಡು." ಅವನು ವೈರು ಸುತ್ತಿಕೊಂಡು ಎದ್ದು ಹೋದ. ಹೋದವನು ನನ್ನ ಜಾಗಕ್ಕೆ ಕೀಬೋರ್ಡು ಬಾರಿಸಲು ಗುರಣ್ಣನನ್ನು ಹಿಡಿದ. ಆಮೇಲೆ ನನ್ನ ಮೊಣಕೈ ಕತ್ತರಿಸಿದ.

ಇದು ಚರಿತ್ರೆ. ಮುಂದಿನದು ಶಿಕ್ಷೆ.

೧೨ ಆಗಸ್ಟ್, ಸೋಮವಾರ

ಶ್ರಾವಣ ಸುರುವಾಗಿದೆ. ನರೋಣಾದ ಮಠದಲ್ಲಿ ತಿಂಗಳಿಡೀ ಸಂಜೆ ಪುರಾಣ. ಶಾಸ್ತ್ರಿಗಳು ಶರಣರ ಕಥೆ ಹೇಳುತ್ತಾರೆ, ನಡುನಡುವೆ ಗವಾಯಿ, ತಬಲಾ. ಈ ವರ್ಷ ಗವಾಯಿ ಇಲ್ಲ. ಎಲೆಕ್ಟ್ರಾನಿಕ್. ಯಾರು? ಅವರೇ. ವೀಳ್ಯ ಕೊಟ್ಟು ಕರೆದವರು ಯಾರು? ನನ್ನ ಸ್ವಂತ ಷಡ್ಡಕ ದೊಡ್ಡಪ್ಪ, ಹೀರಾಬಾಯಿಯ ಅಕ್ಕ ಗುರುಬಾಯಿಯ ಗಂಡ, ಪುರಾಣ ಕಮಿಟಿಯ ಹಿರಿಯ.

ಗುಪ್ತವಾಗಿ ನೋಡಿ ಬರೋಣವೆಂದು ಹೋದೆ. ತಲೆ-ಮುಖಕ್ಕೆಲ್ಲ ಟವೆಲ್ ಸುತ್ತಿಕೊಂಡು ಹಿಂದಿನ ಕಂಬಕ್ಕೆ ಆತು ಕೂತೆ.

ದೊಡ್ಡಪ್ಪ ದೂರದಿಂದಲೇ, "ದೌಲತರಾಯರ, ಯಾಕ್ರಿ, ಹಲ್ಲು ಬ್ಯಾನಿಯೇನು?"

ಗುರಣ್ಣ ಬಾರಿಸಿದ. ಹೇನು ಕುಕ್ಕಿದ ಹಾಗೆ. ಹತ್ತು ಬೆರಳೂ ಕೆಲಸದ ಮೇಲೆ. ಕೇಳಿ ಮನಸ್ಸಿಗೆ ಬಹಳ ಶಾಂತಿ ಸಿಕ್ಕಿತು. ಆಮೇಲೆ ಶಾಸ್ತ್ರಿಗಳು, ಶರಣರು ಮನೆ ಬಿಟ್ಟು ಹೊರಟರು ಅಂದರು. ಭೀಮಶಾ ಕತ್ತೆತ್ತಿ ಬಲ್ಬು ನೋಡಿದ. ಒತ್ತಿದ.

ಬಂತು. ಆ ಮೋಡ. ಹೆಣ್ಣುಮಕ್ಕಳು ಸೆರಗಿನಿಂದ ಕಣ್ಣು ಒರೆಸಿಕೊಂಡರು. ನನ್ನ ಕಣ್ಣಿಗೆ ಊದುಬತ್ತಿ ಹೊಗೆ ಹೋಯಿತು.

ಹೊಗೆ ಒರೆಸಿಕೊಳ್ಳುವಾಗ ಕೇಳಿತು: ಹೊರಗೆ ಓಣಿಯ ತುದಿಗೆ ಟಕ್, ಟಕ್, ಟಕ್. ಗಿರಣಿ.

ಟವೆಲ್ ಬಿಚ್ಚಿದೆ. ಇಷ್ಟು ವರ್ಷ ಎಲ್ಲರೂ ಇವನ ಮಾಯೆ ಅಂದರು. ಇವನ ಮಾಯೆಯ ಸ್ವಿಚ್ಚು ಗಿರಣಿಯವನ ಕೈಯಲ್ಲಿದೆ. ಕರೆಂಟು ಸರಿ ಮಾಡಿದರೆ ಉಳಿಯುವುದು ಏನು? ಕಲ್ಲು. ಘರ್ ಘರ್. ಊರವರು ನಗುತ್ತಾರೆ.

ನನ್ನ ಷಡ್ಡಕನ ಊರಿನಲ್ಲಿ. ಶ್ರಾವಣ ಸೋಮವಾರ. ತುಂಬಿದ ಮಠದಲ್ಲಿ.

೧೩ ಆಗಸ್ಟ್, ಮಂಗಳವಾರ

ಜಗತ್ತಿನ ಇತಿಹಾಸದಲ್ಲಿ ವಿಷ ಹಾಕಿ ಸೇಡು ತೀರಿಸಿದವರಿದ್ದಾರೆ, ಬೆಂಕಿ ಹಚ್ಚಿದವರಿದ್ದಾರೆ. ದಾನ ಕೊಟ್ಟು ತೀರಿಸುವವನು ನಾನೊಬ್ಬನೇ.

ಟೀವಿಯ ಕೆಳಗಿನಿಂದ ಸ್ಟೆಬಿಲೈಜರ್ ಕಿತ್ತೆ. ಕರೆಂಟು ಎಷ್ಟೇ ಇಳಿಯಲಿ, ಇದರಿಂದ ಹೊರಗೆ ಬರುವುದು ಬರೋಬ್ಬರಿ. ಮುಂದೆ ಕೆಂಪು ಬಣ್ಣದಲ್ಲಿ ಬರೆಸಿದೆ: 'ದಾನಿ: ದೌಲತರಾಯ, ಅರಿವೆ ವ್ಯಾಪಾರಿ, ಆಳಂದ.' ಹೆಸರು ಸ್ವಲ್ಪ ದೊಡ್ಡದಾಯಿತು. ಆಗಲಿ. ಕ್ಯಾಸೆಟ್ಟಿನ ಮೇಲೆ ಬರಬೇಕಾದದ್ದೂ ಸೇರಿದೆ.

ಹೀರಾಬಾಯಿ: "ಟೀವ್ಯಾಗಿನ ಮಂದಿ ನೋಡ್ರಿ, ಗೇಣುದ್ದ ಆಗ್ಯಾರ. ಸುತ್ತ ಕರಿ ಚೌಕಟ್ಟು. ಯಾರೋ ಸತ್ತ ಫೋಟೋ ಇಟ್ಟಂಗ ಕಾಣ್ತದ."

"ಮಠಕ್ಕ ಕೊಡಾಕತ್ತೇನಿ. ಪುಣ್ಯದ ಕೆಲಸ."

"ನೀವು? ಪುಣ್ಯ?" ರೊಟ್ಟಿ ಬಡಿಯುವುದು ನಿಲ್ಲಿಸಿ ನನ್ನ ಮುಖ ನೋಡಿದಳು. "ಯಾರಿಗಿ ಏನ್ ಮಾಡಾಕ ಹೊಂಟೀರಿ, ಖರೇ ಹೇಳ್ರಿ."

ಹೇಳಲಿಲ್ಲ. ಮಹಾಕಾರ್ಯಗಳನ್ನು ಹೆಂಡಿರಿಗೆ ಮೊದಲೇ ಹೇಳಿದರೆ ಆಗುವುದಿಲ್ಲ.

೧೯ ಆಗಸ್ಟ್, ಸೋಮವಾರ, ಮಧ್ಯಾಹ್ನ ನಾಲ್ಕು. ನರೋಣಾ ಮಠದ ಕಟ್ಟೆ

ಕೆಲಸ ಮುಗಿಯಿತು. ಭೀಮಶಾ ಬರುವ ಮೊದಲೇ. ವೇದಿಕೆಯ ಮೇಲೆ ಒಂದು ಜಂಕ್ಷನ್ ಬಾಕ್ಸು ಇದೆ, ಅವನು ದಿನಾ ಅದಕ್ಕೇ ಪಿನ್ನು ಹಾಕುತ್ತಾನೆ. ಅದರ ಬಾಲ ಪರದೆಯ ಹಿಂದಿನ ಗೋಡೆಯ ಬೋರ್ಡಿಗೆ. ಈಗ ಆ ಬಾಲ ನನ್ನ ಸ್ಟೆಬಿಲೈಜರಿಗೆ. ಬಲ್ಬಿನ ವೈರು ಬೇರೆ, ಅದನ್ನು ಮುಟ್ಟಿಲ್ಲ. ಬಲ್ಬು ಹಳದಿಯೇ ಇರುತ್ತದೆ. ಅವನು ಬಲ್ಬನ್ನು ನಂಬುತ್ತಾನೆ. ನಂಬಲಿ.

"ಈಗ ಹೇಳ್ಬ್ಯಾಡ್ರಿ," ಅಂದೆ ದೊಡ್ಡಪ್ಪನಿಗೆ. "ದಾನ ಮುಚ್ಚಿ ಕೊಡಬೇಕು. ಪುರಾಣ ಮುಗದು ಮಂಗಲ ಹಾಡೂ ಮುಂದ ಹೇಳ್ರಿ."

ದೊಡ್ಡಪ್ಪನ ಕಣ್ಣು ತುಂಬಿತು. "ನಿಮ್ಮನ್ನ ನಾ ಇಷ್ಟು ದಿನ ಹಲ್ಕಟ್ ಅಂತ ತಿಳದಿದ್ದೆ. ಮಾಫ್ ಮಾಡ್ರಿ."

ಮಾಡಿದೆ. ಇವತ್ತು ನನ್ನ ಮನಸ್ಸು ವಿಶಾಲವಾಗಿದೆ. ಹೊಸ ಅಂಗಿ ಹಾಕಿದ್ದೇನೆ. ಮುಂದಿನ ಸಾಲಿನಲ್ಲೇ ಕೂರುತ್ತೇನೆ. ಅವನ ಮುಖ ಕಾಣುವ ಹಾಗೆ.

೨೦ ಆಗಸ್ಟ್, ಮಂಗಳವಾರ

ಅಂಗಡಿ ತೆರೆದೆ. ಮುಚ್ಚಿದೆ.

೨೫ ಆಗಸ್ಟ್, ರವಿವಾರ

ಬರೆಯುತ್ತೇನೆ. ಇಲ್ಲದಿದ್ದರೆ ಇದು ನನ್ನ ತಲೆಯಲ್ಲೇ ತಿರುಗುತ್ತದೆ.

ಸೋಮವಾರ ಎಲ್ಲ ನಾನು ಅಂದುಕೊಂಡಂತೆಯೇ ಆಯಿತು. ಒಂದು ಕೂದಲೂ ಆಚೀಚೆ ಆಗಲಿಲ್ಲ. ಗಿರಣಿ ಸುರುವಾಯಿತು. ಬಲ್ಬು ಹಳದಿಯಾಯಿತು. ಶಾಸ್ತ್ರಿಗಳು ಶರಣರನ್ನು ಅಡವಿಯಲ್ಲಿ ಕೂರಿಸಿದರು, ಗಿಡದ ಎಲೆಯೂ ಅಲುಗಲಿಲ್ಲ ಅಂದರು. ಭೀಮಶಾ ಬಲ್ಬು ನೋಡಿದ. ಒತ್ತಿದ.

ಘರ್ ಘರ್ ಘರ್. ಚುರುಕಾಗಿ. ಹಾದಿಗೆ ಬಂದ ಕಲ್ಲು. ಯಾರೋ ಕಿಸಕ್ಕೆಂದರು. ನಾನು ಹೊಸ ಅಂಗಿಯ ತೋಳು ಏರಿಸಿದೆ.

ಆಮೇಲೆ ದನಿ ಬಂತು.

ಭೂಮಿಯ ನರಳಾಟ ಅಂದುಕೊಂಡಿದ್ದೆವಲ್ಲ, ಅದು ಮುದುಕಿಯೊಬ್ಬಳು ಬೀಸುತ್ತ ಗುನುಗುವುದು. ಸಣ್ಣ, ಸ್ವಚ್ಛ ದನಿ. ಗುನುಗು ನಿಂತಿತು. ತುಂಬಿದ ಮಠದಲ್ಲಿ ನಿಂಬೆವ್ವ ಮಾತಾಡಿದಳು.

"ಏ ದೌಲತ್ಯಾ, ಆ ಪೆಟಗಿ ಅತ್ಲಾಗ ಸರಸೋ. ಕೋಳಿ ಕಾಳ್ ತಿನ್ನಾಕತ್ತದ. ಹುಶ್. ಹುಶ್ ಅಂದ್ರ... ಭೀಮ್ಯಾ, ನಿನ್ನ ದೋಸ್ತಗ ರೊಟ್ಟಿ ಕೊಟ್ಟಿಯೋ ಇಲ್ಲೋ? ಅದರ ಮಾರಿ ನೋಡು, ಅರಿವಿ ಅಂಗಡ್ಯಾಗಿನ ಗೊಂಬಿ ಆಗ್ಯದ. ಮೊದಲ ಉಣ್ಣಾಕ ಕೊಡು, ಆಮ್ಯಾಲ ನಿಮ್ಮ ಸಂಗೀತ."

ಮಠ ಬಿದ್ದುಬಿದ್ದು ನಕ್ಕಿತು. ಅಡವಿಯಲ್ಲಿ ತಪಸ್ಸು, ಅದರ ನಡುವೆ ಕೋಳಿ. ಶಾಸ್ತ್ರಿಗಳೂ ನಕ್ಕರು. ಗುರಣ್ಣ ಕೀಬೋರ್ಡಿನ ಮೇಲೆ ತಲೆಯಿಟ್ಟು ನಕ್ಕ. ಬಗಲಿಗಿದ್ದ ದೊಡ್ಡಪ್ಪ ನನ್ನ ತೊಡೆ ತಟ್ಟಿದ. "ಹೆಸರು ಬಂತಲ್ರಿ ನಿಮ್ದು."

ಬಂತು. ಆ ಕ್ಯಾಸೆಟ್ ನೋಡಿದಾಗಿನಿಂದ ಕಾಯುತ್ತಿದ್ದೆ.

ಟೇಪು ತುಂಬಿಕೊಂಡ ದಿನ ಅವಳು ಮಾತಾಡಿದ್ದು ನನಗೆ ನೆನಪೇ ಇರಲಿಲ್ಲ. ರೊಟ್ಟಿ ತಿಂದದ್ದು ನೆನಪಿದೆ. ಶೇಂಗಾ ಹಿಂಡಿ, ಮೊಸರು. ಎರಡು ರೊಟ್ಟಿ ಅಂದೆ, ಮೂರು ಹಾಕಿದಳು.

ಭೀಮಶಾ ನಿಲ್ಲಿಸಲಿಲ್ಲ. ಬೆರಳು ಬಟನ್ನಿನ ಮೇಲೆ ಹಾಗೇ ಇತ್ತು. ಸುತ್ತ ಅಷ್ಟು ನಗು, ಅವನು ಕಿವಿ ಟೇಪಿನ ಹತ್ತಿರ ತಂದು, ಕಣ್ಣು ಮುಚ್ಚಿ ಕೇಳುತ್ತಿದ್ದ. ಮಾತು ಮುಗಿದು ಮತ್ತೆ ಬರೀ ಕಲ್ಲು ಉಳಿದಾಗ ಒತ್ತಿದ. ಟಕ್. ಆಮೇಲೆ ಬಲ್ಬು ನೋಡಿದ. ಆಮೇಲೆ ಜಂಕ್ಷನ್ ಬಾಕ್ಸಿನ ಬಾಲ ಹಿಡಿದು, ಪರದೆಯವರೆಗೆ ಕಣ್ಣಿನಲ್ಲೇ ಹೋದ. ಆಮೇಲೆ ಮುಂದಿನ ಸಾಲು. ಹೊಸ ಅಂಗಿ.

ಮಂಗಲದಲ್ಲಿ ನನಗೆ ಹಾರ ಹಾಕಿದರು.

ಹೊರಗೆ ಚಪ್ಪಲಿ ಹುಡುಕುತ್ತಿದ್ದೆ. ಬಂದು ನಿಂತ. ಬೈಯುತ್ತಾನೆ ಅಂದುಕೊಂಡೆ. ಬೈದಿದ್ದರೆ ಸಮನಾಗುತ್ತಿತ್ತು.

"ಆಕಿ ಹೋದಾಗಿಂದ ಆಕಿ ದನಿ ಕೇಳಿದ್ದಿಲ್ಲ ನಾ," ಅಂದ. "ಕೇಳಬಾರ್ದಂತೇ ಬಲ್ಬು ನೋಡ್ತಿದ್ದೆ. ಹಳದಿ ಇದ್ದಾಗ ಆಕಿ ಆಕಿ ಅಲ್ಲ. ಬರೀ ಸಪ್ಪಳ."

"ನನಗ ಗೊತ್ತಿದ್ದಿಲ್ಲೋ."

"ನಾ ಹೇಳಿದ್ದಿಲ್ಲ." ನನ್ನ ಕೊರಳಿನ ಹಾರ ನೋಡಿದ. "ಕೇಳಸಬೇಕಂದ್ರ ಮನಿಗಿ ಬಂದು ಕೇಳಸಬೇಕಿತ್ತು ದೌಲತ್. ಊರ ನಗಾಕ ಕರದು ಕೇಳಿಸಿದಿ."

ಹೋದ. ನನ್ನ ಒಂದು ಚಪ್ಪಲಿ ಸಿಗಲೇ ಇಲ್ಲ. ಅದೊಂದು ಸಣ್ಣ ಶಿಕ್ಷೆ ಅಂತ ಇಟ್ಟುಕೊಂಡಿದ್ದೇನೆ.

೨ ಸೆಪ್ಟೆಂಬರ್, ಸೋಮವಾರ

ದೊಡ್ಡಪ್ಪ ಅಂಗಡಿಗೆ ಬಂದ. ಧೋತರದ ಅರಿವೆ ಬೇಕೆಂದು. ಚಹಾ ತರಿಸಿದೆ.

"ಆ ಟೇಪ್‌ದಾಂವ ಹೆಂಗ ಬಾರಸಾಕತ್ತಾನ?" ಅಂದೆ. ಏನೂ ಗೊತ್ತಿಲ್ಲದವನ ಹಾಗೆ.

"ಬಾರಸಂಗಿಲ್ಲರಿ. ವೀಳ್ಯ ಹಿಡದಾನ, ಬಿಟ್ಟು ಹೋಗಂಗಿಲ್ಲ. ದಿನಾ ಬರ್ತಾನ, ಕೈ ಕಟಗೊಂಡು ಕುಂದರ್ತಾನ. ಆ ಗುರಣ್ಣ ಒಬ್ಬನ ಕುಟ್ತಾನ. ಹೆಣ್ಮಕ್ಕಳು ಕೇಳಾಕತ್ತಾರ, ಆ ಅಳಸೋ ಸಪ್ಪಳ ಎಲ್ಲಿ ಹೋತಂತ."

"ಸ್ಟೆಬಿಲೈಜರ್ ತೆಗದ್ರ ಬರ್ತದ."

ದೊಡ್ಡಪ್ಪ ಎರಡೂ ಕಿವಿ ಮುಟ್ಟಿಕೊಂಡ. "ಮಠಕ್ಕ ಕೊಟ್ಟದ್ದು ತೆಗಿಯಾಕ ಬರ್ತದೇನ್ರಿ? ಬೋರ್ಡಿನ ಮ್ಯಾಲೇ ಮೊಳಿ ಹೊಡದು ಕುಂದ್ರಿಸೇವಿ. ಗುರುಬಾಯಿ ದಿನಾ ಅದಕ್ಕ ಈಬತ್ತಿ ಹಚ್ತಾಳ."

ನನ್ನ ಸೇಡಿಗೆ ವಿಭೂತಿ. ದಿನಾ. ಇಂಥ ಸನ್ಮಾನ ಯಾವ ಹಗೆಗೂ ಆಗಿರಲಿಕ್ಕಿಲ್ಲ.

ಗುರಣ್ಣನ ಮೇಲಿನ ಸಿಟ್ಟು ಹಾಗೇ ಇದೆ, ಅದು ಬೇರೆ ಖಾತೆ. ಕೈಯ ವಿಷಯವೂ ಮುಗಿದಿಲ್ಲ. ಭೀಮಶಾನಿಗೆ ಅದನ್ನು ಕೇಳುವವನೇ ನಾನು. ಆದರೆ ಕೇಳಬೇಕೆಂದರೆ ಅವನು ಮೊದಲು ತಲೆಯೆತ್ತಿ ಕೂರಬೇಕು. ಕೈ ಕಟ್ಟಿ ಕೂತವನೊಡನೆ ಜಗಳ ಹೇಗೆ ಆಡುವುದು.

೬ ಸೆಪ್ಟೆಂಬರ್, ಶುಕ್ರವಾರ, ಸಂಜೆ

ನಾಡಿದ್ದು ಅಮಾವಾಸ್ಯೆ. ಪುರಾಣದ ಕೊನೆಯ ದಿನ. ಶರಣರು ಲಿಂಗೈಕ್ಯರಾಗುವ ಪ್ರಸಂಗ. ಅಲ್ಲಿ ಗುರಣ್ಣ ಹತ್ತು ಬೆರಳಿನಿಂದ ಕುಟ್ಟಿದರೆ ಶರಣರು ಎದ್ದು ವಾಪಸ್ಸು ಬರುತ್ತಾರೆ.

ಕರಿ ಕೀಲಿ ಒತ್ತಿ ನೋಡಿದೆ. ಬರುತ್ತಿದೆ. ಒಂದೇ ಕೀಲಿ, ಹಿಡಿದು ಕೂತೆ. ಅದರ ಬಗಲಿಗೆ ಏನೂ ಇಲ್ಲ.

ಹೀರಾಬಾಯಿ ಟೀವಿ ಮುಂದೆ. "ಕೊಟ್ಟಾಂವ ವಾಪಸ್ ಕೇಳಾಕ ಬರಂಗಿಲ್ಲ ಖರೇ. ಬ್ಯಾರೇದವರು ತಂದ್ರ ಬ್ಯಾಡ ಅನ್ನಾಕ ಬರ್ತದೇನ್ರಿ?" ಇವಳು ಈ ಡೈರಿ ಓದುತ್ತಿದ್ದಾಳೆಯೇ? ಇಲ್ಲ. ಇರಲಿಕ್ಕಿಲ್ಲ.

ಆದ್ದರಿಂದ, ಯಾರೂ ಓದದ ಈ ದಿನಚರಿಯ ಮಾನ್ಯ ಓದುಗರೇ, ಒಂದು ಸಣ್ಣ ಕೆಲಸ. ನರೋಣಾ ಕಡೆ ಹೋಗುವುದಿದ್ದರೆ ರವಿವಾರ ಮಧ್ಯಾಹ್ನ ಮಠಕ್ಕೆ ಹೋಗಿ. ಆ ಹೊತ್ತಿಗೆ ದೊಡ್ಡಪ್ಪ ಮಲಗಿರುತ್ತಾನೆ. ಪರದೆಯ ಹಿಂದೆ, ಎಡಗಡೆ. ಮೊಳೆ ಗಟ್ಟಿಯಾಗಿದೆ, ಇಕ್ಕಳ ಒಯ್ಯಿರಿ. ಮೊದಲು ವಿಭೂತಿಗೆ ಕೈ ಮುಗಿಯಿರಿ, ತಪ್ಪು ನಿಮ್ಮದಲ್ಲ. ಜಂಕ್ಷನ್ ಬಾಕ್ಸಿನ ಪಿನ್ನು ಮೊದಲಿನಂತೆ ಬೋರ್ಡಿಗೆ ಹಾಕಿ. ಅದು ಸಡಿಲ, ಸ್ವಲ್ಪ ಒತ್ತಬೇಕು. ಸ್ಟೆಬಿಲೈಜರ್ ಆಳಂದದ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬನ್ನಿ, ಕೆಂಪು ಅಕ್ಷರ ಹೊಟ್ಟೆಯ ಕಡೆಗೆ. ಭೀಮಶಾ ನೋಡಿ ಯಾರು ಕಳಿಸಿದರು ಅಂದರೆ ನನ್ನ ಹೆಸರು ಬೇಡ. ಟೀವಿಯ ಮಂದಿ ಗೇಣುದ್ದ ಆಗಿದ್ದಾರೆ, ಅವರಿಗೆ ಬೇಕಂತೆ ಅನ್ನಿ. ಅವನು ನಗಬಹುದು. ನಕ್ಕರೆ ನಿಲ್ಲಿ. ನಗದಿದ್ದರೂ ಸ್ವಲ್ಪ ಹೊತ್ತು ನಿಂತು, ಗಿರಣಿ ಸುರುವಾಗುವ ತನಕ, ಬಲ್ಬು ಹಳದಿಯಾದದ್ದು ನೋಡಿಕೊಂಡು, ಅವನು ಬಟನ್ ಒತ್ತಿದನೋ ಇಲ್ಲವೋ ನನಗೆ ಬಂದು—